ಬಿಳಿ ಬೋರ್ಡ್ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತಗೋಬೇಡಿ, ದಯವಿಟ್ಟು

ಒಳಗೇ ಮಲಗಲು, ಅಡುಗೆ ಮಾಡಲು ಜಾಗ ಇರುವ ಕ್ಯಾಂಪರ್ ವ್ಯಾನ್ (ಕ್ಯಾರವಾನ್) ಬಾಡಿಗೆಗೆ ತಗೊಂಡು ಕರಾವಳಿ ಕಡೆ ಹೊರಡುವ ಯೋಚನೆ ಇದ್ದರೆ, ಅಡ್ವಾನ್ಸ್ ಕಳಿಸುವ ಮೊದಲು ಇದನ್ನು ಓದಿ. ನಂಬರ್ ಪ್ಲೇಟ್ ಬಿಳಿ ಇದ್ದರೆ, ಅಂದರೆ ಖಾಸಗಿ ಗಾಡಿ ಆಗಿದ್ದರೆ, ಬೇಡ. ಒಳಗೆ ಎಷ್ಟೇ ಚೆನ್ನಾಗಿದ್ದರೂ ಬೇಡ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಆಮೇಲೆ ಉಡುಪಿ ದಾಟಿ ಮರವಂತೆ ಅಂತ ನಮ್ಮ ಪ್ಲಾನ್. ಅಮ್ಮನಿಗೆ ಮಂಡಿ ನೋವು, ಬಸ್ಸಲ್ಲಿ ಅಷ್ಟು ದೂರ ಕೂರುವುದು ಕಷ್ಟ. ಸುಸ್ತಾದಾಗ ನಿಲ್ಲಿಸಿ ಹಾಯಾಗಿ ಕಾಲು ಚಾಚಬಹುದು ಅಂತಲೇ ವ್ಯಾನ್ ಹುಡುಕಿದ್ದು. ದಿನಕ್ಕೆ 7,000 ಬಾಡಿಗೆ, 20,000 ಡಿಪಾಸಿಟ್. ಡಿಎಲ್, ಆಧಾರ್, ಯುಪಿಐ, ಎಲ್ಲಾ ಮಾಮೂಲಿ ತರಹವೇ ನಡೆಯಿತು.

ಪ್ಲೇಟ್ ಬಗ್ಗೆ ಗಾಡಿ ಮಾಲೀಕರನ್ನು ನಾನು ಕೇಳಿದ್ದೆ. ಗಾಡಿ ತಗೊಳ್ಳುವಾಗಲೇ ಕೇಳಿದ್ದೆ. "ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಪ್ಲೇಟ್, ಹಳದಿ ಅಕ್ಷರ ಇರಬೇಕು ಅಲ್ವಾ?" ಅಂದೆ. "ಅದು ಕಾರಿಗೆ ಸರ್. ಕ್ಯಾರವಾನ್‌ಗೆಲ್ಲಾ ವೈಟ್ ಬೋರ್ಡೇ ಬರೋದು. ರೂಲ್ಸೇ ಹಂಗಿದೆ" ಅಂದರು. ಒಂಚೂರೂ ತಡವರಿಸಲಿಲ್ಲ. ಶುದ್ಧ ಸುಳ್ಳು ಅದು.

ಸಕಲೇಶಪುರ ದಾಟುವ ಹೊತ್ತಿಗೆ ವಾಟ್ಸಾಪ್‌ನಲ್ಲಿ ಮೆಸೇಜ್. "ಸರ್, ದಾರೀಲಿ ಯಾರಾದ್ರೂ ಕೇಳಿದ್ರೆ ರಿಲೇಟಿವ್ ಗಾಡಿ ಅನ್ನಿ. ಸುಮ್ನೆ ಫಾರ್ಮಾಲಿಟಿ." ಯಾಕೆ ಅಂತ ವಾಪಸ್ ಕೇಳಿದರೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಬೆಂಗಳೂರು ಬಿಟ್ಟು ಇನ್ನೂರು ಕಿಲೋಮೀಟರ್ ಮೇಲಾಗಿದೆ, ದುಡ್ಡೆಲ್ಲಾ ಅವರ ಹತ್ತಿರ ಇದೆ, ಆಗ ಈ ಮೆಸೇಜ್! ಹೊರಡುವ ಮುಂಚೆ ಹೇಳಿದ್ದರೆ ಅಲ್ಲೇ ಕೀ ವಾಪಸ್ ಕೊಡುತ್ತಿದ್ದೆ.

ಘಾಟಿ ಇಳಿಯುವುದೇ ಒಂದು ಭಯ. ಮಂಚ, ನೀರಿನ ಟ್ಯಾಂಕ್, ಬ್ಯಾಟರಿ, ಗ್ಯಾಸ್ ಅಂತ ತುಂಬಿ ಗಾಡಿ ಭಾರವಾಗಿತ್ತು. ಎರಡನೇ ಗೇರಿನಲ್ಲೇ ಇಳಿಸಿದರೂ ಬ್ರೇಕ್ ಸುಟ್ಟ ವಾಸನೆ. ಹಿಂದೆ ಅಡ್ಡಕ್ಕೆ ಹಾಕಿದ ಬೆಂಚಿನ ಮೇಲೆ ನನ್ನ ಮಕ್ಕಳು. ಅದಕ್ಕೆ ಸೀಟ್ ಬೆಲ್ಟ್ ಕೂಡ ಇಲ್ಲ.

ಗುಂಡ್ಯದ ಹತ್ತಿರ ಆರ್‌ಟಿಒ ಜೀಪ್ ನಿಂತಿತ್ತು. ಕೈ ಅಡ್ಡ ಹಾಕಿದರು. ಬಾಗಿಲು ತೆಗೆಸಿ ಒಳಗೆ ನೋಡಿದರು. "ಯಾರ ಗಾಡಿ?" ನಾನು ಬಾಯಿ ತೆಗೆಯುವ ಮೊದಲೇ ಅಮ್ಮ ಒಳಗಿಂದ, "ಬಾಡಿಗೆಗೆ ತಂದಿದ್ದೀವಪ್ಪಾ, ದಿನಕ್ಕೆ ಏಳು ಸಾವಿರ" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರಿಗೆ ಬೇರೆ ಥರ ಹೇಳಿ ಅಭ್ಯಾಸವೇ ಇಲ್ಲ.

ಮಾಲೀಕರಿಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಆ ಕಡೆಯಿಂದ ಏನು ಬಂತು ಗೊತ್ತಾ? "ಸರ್, ಅವ್ರು ನಮ್ ಚಿಕ್ಕಪ್ಪನ ಮಗ. ಫ್ಯಾಮಿಲಿ ಟ್ರಿಪ್‌ಗೆ ಕೊಟ್ಟಿದ್ದೀನಿ." ಅಧಿಕಾರಿ ನನ್ನ ಮುಖ ನೋಡಿದರು. "ನಿಮ್ಮ ಚಿಕ್ಕಪ್ಪನ... ಅಲ್ಲ, ದೊಡ್ಡಪ್ಪನ ಹೆಸರು ಹೇಳಿ ನೋಡೋಣ" ಅಂದರು. ಹೆಂಡತಿ, ಮಕ್ಕಳು, ಅಮ್ಮ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಯಾರದೋ ಸುಳ್ಳಿಗೆ ನಾನು ಕಳ್ಳನ ಹಾಗೆ ತಲೆ ತಗ್ಗಿಸಿ ನಿಂತಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಅಧಿಕಾರಿ ತಮ್ಮ ಫೋನಿನಲ್ಲೇ ಗಾಡಿಯ ವಿವರ ತೋರಿಸಿದರು. ಆರ್‌ಸಿಯಲ್ಲಿ ಅದು ಮಾಮೂಲಿ ಮೋಟಾರ್ ಕಾರ್. ಕ್ಯಾರವಾನ್ ಅಂತ ಎಲ್ಲೂ ಇಲ್ಲ. ಸೀಟು ಕಿತ್ತು ಮಂಚ ಹಾಕಿದ್ದಕ್ಕೆ ಅನುಮತಿ ಇಲ್ಲ. ಬಾಡಿಗೆಗೆ ಓಡಿಸಲು ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದೆ ಬಾಡಿಗೆಗೆ ಬಿಟ್ಟರೆ ಮೋಟಾರು ವಾಹನ ಕಾಯ್ದೆಯ 207ನೇ ಕಲಂ ಪ್ರಕಾರ ಗಾಡಿ ವಶಕ್ಕೆ ತಗೊಳ್ಳಬಹುದು. ತಗೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. "ಘಾಟಿಯಲ್ಲಿ ಏನಾದ್ರೂ ಆಗಿದ್ರೆ ಇನ್ಶೂರೆನ್ಸ್‌ನವರು ನಿಮ್ಮ ಕಡೆ ತಿರುಗಿಯೂ ನೋಡ್ತಿರಲಿಲ್ಲ" ಅಂದರು. ಖಾಸಗಿ ಗಾಡಿಯ ಪಾಲಿಸಿಯಲ್ಲಿ ಬಾಡಿಗೆ ಬಳಕೆಗೆ ರಕ್ಷಣೆ ಇಲ್ಲ ಅಂತ ಬರೆದೇ ಇರುತ್ತದೆ. ಮನೆಗೆ ಬಂದು ನನ್ನ ಕಾರಿನ ಪಾಲಿಸಿ ತೆಗೆದು ನೋಡಿದೆ, ಅದರಲ್ಲೂ ಹಾಗೇ ಇದೆ.

ಹಾಸಿಗೆ, ಕುಕ್ಕರ್, ಅಕ್ಕಿ ಚೀಲ, ಮಕ್ಕಳ ಬ್ಯಾಗು ಎಲ್ಲಾ ಹೆದ್ದಾರಿ ಪಕ್ಕ ಇಳಿಸಿಕೊಂಡೆವು. ಯಾವ ಮಂಡಿಗೆ ಬಸ್ಸು ಬೇಡ ಅಂದುಕೊಂಡಿದ್ದೆವೋ ಅದೇ ಮಂಡಿ ಇಟ್ಟುಕೊಂಡು ಅಮ್ಮ ಮಂಗಳೂರು ಬಸ್ಸು ಹತ್ತಿದರು.

ಬಸ್ಸಿನಿಂದಲೇ ಮಾಲೀಕರಿಗೆ ಫೋನ್ ಮಾಡಿದೆ. ಕ್ಷಮೆ ಕೇಳುತ್ತಾರೆ ಅಂದುಕೊಂಡಿದ್ದೆ. "ನಿಮ್ಮ ತಾಯಿ ಬಾಯಿ ಮುಚ್ಕೊಂಡಿದ್ದಿದ್ರೆ ಏನೂ ಆಗ್ತಿರಲಿಲ್ಲ ಸರ್." ಇದೇ ಮಾತು. ನನ್ನ ತಾಯಿಗೆ! ಸುಳ್ಳು ಹೇಳಿದ್ದು ನೀವು, ಸತ್ಯ ಹೇಳಿದ ಮುದುಕಿಯದ್ದು ತಪ್ಪಾ ಅಂತ ಕೇಳಿದೆ. "ಎಲ್ರೂ ಹಿಂಗೇ ಓಡಿಸೋದು ಸರ್, ನಿಮಗೊಬ್ರಿಗೇ ಪ್ರಾಬ್ಲಂ" ಅಂತ ಕಟ್ ಮಾಡಿದರು.

ಡಿಪಾಸಿಟ್ ಕೇಳಿದ್ದಕ್ಕೆ ಒಂದು ಲೆಕ್ಕ ಕಳಿಸಿದರು. ಗಾಡಿ ಬಿಡಿಸಿದ ಖರ್ಚು, ಗಾಡಿ ನಿಂತ ದಿನಗಳ ನಷ್ಟ, ಕ್ಲೀನಿಂಗ್. ಕ್ಲೀನಿಂಗ್! ನಾವು ಒಂದು ರಾತ್ರಿಯೂ ಮಲಗದ ಗಾಡಿಗೆ ಕ್ಲೀನಿಂಗ್. ಕೊನೆಗೆ "ನೀವೇ ಇನ್ನೂ 4,000 ಕೊಡಬೇಕು, ಬಿಟ್ಟಿದ್ದೀನಿ" ಅಂತ ಬರೆದಿದ್ದರು. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. "ರಿಲೇಟಿವ್ ಅನ್ನಿ" ಅಂದ ಮೆಸೇಜನ್ನೂ ಸೇರಿಸಿದ್ದೇನೆ. ಇನ್ನೂ ಒಂದು ರೂಪಾಯಿ ಬಂದಿಲ್ಲ.

ನೀವು ತಗೊಳ್ಳುವುದಾದರೆ ಮೊದಲು ಗಾಡಿ ನಂಬರ್ ಕೇಳಿ, ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ಗಾಡಿ ಯಾವ ವರ್ಗದ್ದು, ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ಬರುತ್ತದೆ. ಪರ್ಮಿಟ್ ಮತ್ತು ಪಾಲಿಸಿ ಕಾಪಿ ಕೈಗೆ ಬರುವವರೆಗೂ ದುಡ್ಡು ಹಾಕಬೇಡಿ. ನಂಬರ್ ಕೊಡಲು ಹಿಂದೆ ಮುಂದೆ ನೋಡಿದರೆ ಅಲ್ಲಿಗೇ ಬಿಡಿ.

ಅದೇ ವ್ಯಾನಿನ ಜಾಹೀರಾತು ಮತ್ತೆ ಹಾಕಿದ್ದಾರೆ. ಒಳಗಿನ ಮಂಚ, ಅಡುಗೆ ಕಟ್ಟೆ, ಲೈಟು ಎಲ್ಲದರ ಫೋಟೋ ಇದೆ. ಒಂದರಲ್ಲೂ ನಂಬರ್ ಪ್ಲೇಟ್ ಕಾಣದ ಹಾಗೆ ತೆಗೆದಿದ್ದಾರೆ.