ಬಿಟ್ಟಿ ಸಿಕ್ಕರೂ ಬೇಡ ಅಂದ ಹಾಲಿಡೇ ಮೆಂಬರ್‌ಶಿಪ್

ನಮ್ಮ ಭಾವನವರ ಹತ್ತಿರ ಒಂದು ಹಾಲಿಡೇ ಕ್ಲಬ್‌ನ ಮೆಂಬರ್‌ಶಿಪ್ ಇದೆ. ಟೈಮ್‌ಶೇರ್ ಅಂತಾರಲ್ಲ, ಅದೇ. ಮೊದಲೇ ಒಂದು ದೊಡ್ಡ ಮೊತ್ತ ಕೊಟ್ಟರೆ ಕ್ಲಬ್‌ನ ರೆಸಾರ್ಟುಗಳಲ್ಲಿ ವರ್ಷಕ್ಕೆ ಏಳು ರಾತ್ರಿ ಇರಬಹುದು, ಒಟ್ಟು 25 ವರ್ಷ. ಅದರಲ್ಲಿ ಅರ್ಧದಷ್ಟು ಇನ್ನೂ ಉಳಿದಿದೆ. ಕಂತೆಲ್ಲ ಕಟ್ಟಿ ಮುಗಿಸಿದ್ದಾರೆ. ಈಗ ಅವರಿಗೆ ಮಂಡಿನೋವು. ನಮ್ಮ ಓರಗಿತ್ತಿಗೆ ಮನೆ ಬಿಟ್ಟು ಹೊರಡಲು ಮನಸ್ಸಿಲ್ಲ. "ನಿಮ್ಮ ಹೆಸರಿಗೆ ಮಾಡಿಸಿಬಿಡ್ತೀನಮ್ಮ. ನನಗೇನೂ ಕೊಡೋದು ಬೇಡ, ಹೆಸರು ಬದಲಾಯಿಸೋ ಖರ್ಚು ನೋಡ್ಕೊಂಡ್ರೆ ಸಾಕು" ಅಂದರು.

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನೋ ಮಾತಿದೆಯಲ್ಲ, ಮನೆಯಲ್ಲಿ ಹಾಗೇ ಆಯಿತು. ನಮ್ಮನೆಯವರು, ಮಕ್ಕಳು, ಅತ್ತೆ ಎಲ್ಲರೂ ಒಂದೇ ಮಾತಿಗೆ ಹೂಂ ಅಂದರು. ನಾನು ಮಾತ್ರ ಕರಾರಿನ ಕಾಗದ ಕೇಳಿ ಇಸ್ಕೊಂಡೆ. ಆಫೀಸಿನಲ್ಲಿ ಬಿಲ್ಲು, ವೋಚರ್ ತಿರುವಿ ಹಾಕೋದೇ ನನ್ನ ಕೆಲಸ. ಆ ಚಾಳಿ ಮನೆಯಲ್ಲೂ ಬಿಡಲ್ಲ.

ಇಂಥ ಮೆಂಬರ್‌ಶಿಪ್ ಬಗ್ಗೆ ಯಾರೇ ಮಾತಾಡಿದರೂ ಮೊದಲು ಬರೋದು ಅದರ ಬೆಲೆ. ಅಷ್ಟು ದೊಡ್ಡ ಮೊತ್ತ ಕೊಡಬೇಕಾ, ಅದನ್ನ ಬ್ಯಾಂಕಿನಲ್ಲಿ ಇಟ್ಟರೆ ಬಡ್ಡಿ ಬರಲ್ವಾ, ಇದೇ ಚರ್ಚೆ. ನಮ್ಮ ವಿಷಯದಲ್ಲಿ ಆ ಬೆಲೆ ಸೊನ್ನೆ. ಹಾಗಾಗಿ ಉಳಿದದ್ದೆಲ್ಲ ನಿಚ್ಚಳವಾಗಿ ಕಂಡಿತು. ಅದಕ್ಕೇ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಹೆಚ್ಚುಕಮ್ಮಿ ಎಲ್ಲ ಕಡೆ ಇದೇ ಪದ್ಧತಿ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಭಾವನವರ ಹೆಸರಿನಲ್ಲಿ ನಾವು ಆಗಾಗ ಹೋಗಿ ಬಂದಿದ್ದೇವೆ. ಜಾಗಗಳು ಚೆನ್ನಾಗಿವೆ. ಹೋಟೆಲಿನ ಹಾಗೆ ಒಂದು ಮಂಚ, ಒಂದು ಬಚ್ಚಲು ಅಲ್ಲ. ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್, ಹಾಲಿನಲ್ಲಿ ಎಳೆದರೆ ಹಾಸಿಗೆಯಾಗುವ ಸೋಫಾ, ಬಟ್ಟೆ ಒಗೆಯುವ ಮೆಷಿನ್, ಪೂರ್ತಿ ಅಡುಗೆಮನೆ. ಅತ್ತೆಗೆ ಪಥ್ಯ. ಹೋಟೆಲಿಗೆ ಹೋದರೆ ಪ್ರತಿ ಊಟಕ್ಕೂ ಇದು ಹಾಕಬೇಡಿ, ಅದು ಹಾಕಬೇಡಿ ಅಂತ ಹೇಳಿ ಹೇಳಿ ಸಾಕಾಗುತ್ತದೆ. ಇಲ್ಲಿ ಆ ಪಾಡಿಲ್ಲ. ಅಡುಗೆಮನೆಯ ಕಪಾಟಿನ ಬಾಗಿಲ ಒಳಗಡೆ ಒಂದು ಪಟ್ಟಿ ಅಂಟಿಸಿರುತ್ತಾರೆ: ತಟ್ಟೆ 6, ಲೋಟ 6, ಚಮಚ 6, ಬಾಣಲೆ 1. ಹೊರಡುವ ದಿನ ಒಬ್ಬ ಹುಡುಗ ಬಂದು ಅದನ್ನು ನೋಡಿಕೊಂಡೇ ಎಣಿಸುತ್ತಾನೆ. ಬಾಣಲೆಯ ಹಿಡಿ ಅಲ್ಲಾಡುತ್ತಿರುತ್ತದೆ. ಚಾಕು ಹೂಕೋಸನ್ನೂ ಹೆಚ್ಚಲ್ಲ. ಅತ್ತೆ ಈಗ ಮನೆಯ ಚಾಕುವನ್ನೇ ಟವೆಲಿನಲ್ಲಿ ಸುತ್ತಿ ತರುತ್ತಾರೆ. ಇಷ್ಟು ಬಿಟ್ಟರೆ ದೂರಲು ಏನಿಲ್ಲ.

ಇನ್ನೊಂದು ಲಾಭವೂ ಇದೆ. ನಮ್ಮನೆಯವರು ತಾವಾಗಿ ರಜೆ ಹಾಕುವ ಪೈಕಿ ಅಲ್ಲ. "ದುಡ್ಡು ಕಟ್ಟಾಗಿದೆ, ಹೋಗದಿದ್ರೆ ದಂಡ" ಅಂದರೆ ಮಾತ್ರ ಎದ್ದು ಹೊರಡುತ್ತಾರೆ. ಇಂಥವರು ಇರುವ ಮನೆಯಲ್ಲಿ ಮೆಂಬರ್‌ಶಿಪ್ ಒಂದು ಥರ ಮೂಗುದಾರ. ಇದನ್ನು ನಾನು ಸಣ್ಣ ವಿಷಯ ಅಂತ ತಳ್ಳಿಹಾಕಲ್ಲ.

ಸರಿ, ಈಗ ಕಾಗದಕ್ಕೆ ಬರೋಣ.

ಭಾವನವರದ್ದು ವೈಟ್ ಸೀಸನ್. ಈ ವ್ಯವಹಾರದಲ್ಲಿ ವರ್ಷದ ವಾರಗಳಿಗೆ ಬಣ್ಣ ಹಚ್ಚುವುದು ಹಳೆಯ ರೂಢಿ. ಜನ ಮುಗಿಬೀಳುವ ವಾರಗಳು ರೆಡ್, ಮಧ್ಯಮದ್ದು ವೈಟ್, ಯಾರೂ ಕೇಳದ ವಾರಗಳು ಬ್ಲೂ. ಕೆಲವು ಕ್ಲಬ್‌ಗಳಲ್ಲಿ ಬಣ್ಣದ ಬದಲು ಪಾಯಿಂಟ್ಸ್ ಇರುತ್ತವೆ, ಬೇಡಿಕೆ ಜಾಸ್ತಿ ಇರುವ ವಾರಕ್ಕೆ ಜಾಸ್ತಿ ಪಾಯಿಂಟ್ಸ್ ಕತ್ತರಿಸುತ್ತಾರೆ. ಹೆಸರು ಯಾವುದಾದರೂ ವಿಷಯ ಒಂದೇ. ಶಾಲೆಗೆ ರಜೆ ಇರುವ ವಾರಗಳೆಲ್ಲ ರೆಡ್. ಭಾವನವರು ಇದನ್ನು ಕೊಂಡಾಗ ಅವರ ಮಗಳು ಕಾಲೇಜು ಮುಗಿಸಿದ್ದಳು. ಯಾವಾಗ ಬೇಕಾದರೂ ಹೊರಡುವವರಿಗೆ ವೈಟ್ ಸಾಕಿತ್ತು, ಬೆಲೆಯೂ ಕಮ್ಮಿ. ನಮ್ಮ ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿದ್ದಾರೆ.

ಭಾವನವರ ಲಾಗಿನ್ ತಗೊಂಡು ಒಂದು ಸಂಜೆ ಪೂರ್ತಿ ಆ ಆ್ಯಪ್ ಜಾಲಾಡಿದೆ. ಕ್ಯಾಲೆಂಡರಿನಲ್ಲಿ ಖಾಲಿ ಇರುವ ದಿನ ಹಸಿರು, ಇಲ್ಲದ ದಿನ ಬೂದು. ದೊಡ್ಡ ರಜೆಯ ತಿಂಗಳು ತೆಗೆದರೆ ಮೇಲಿಂದ ಕೆಳಗಿನವರೆಗೆ ಬೂದು. ವೈಟ್‌ನವರಿಗೆ ರೆಡ್ ವಾರ ಸಿಗಬೇಕಾದರೆ, ರೆಡ್‌ನವರೆಲ್ಲ ತಗೊಂಡು ಏನಾದರೂ ಉಳಿದಿದ್ದರೆ, ಅದೂ ಕೊನೆ ಗಳಿಗೆಯಲ್ಲಿ. ಅಷ್ಟರಲ್ಲಿ ಟ್ರೈನು, ವಿಮಾನದ ಟಿಕೆಟ್ ಸಿಕ್ಕಿದ ಹಾಗೇ! ಹಸಿರು ಎಲ್ಲಿ ಕಂಡಿತು ಅಂದರೆ ಮಕ್ಕಳ ಪರೀಕ್ಷೆಯ ವಾರದಲ್ಲಿ. ಅಲ್ಲಿ ಬೇಕಾದಷ್ಟಿತ್ತು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಅದೇ ರೆಸಾರ್ಟ್, ಅದೇ ಬೂದು ದಿನಗಳನ್ನು ಮಾಮೂಲಿ ಹೋಟೆಲ್ ಬುಕಿಂಗ್ ಸೈಟಿನಲ್ಲಿ ಹುಡುಕಿದೆ. ರೂಮ್ ಇತ್ತು. ದುಡ್ಡು ಕೊಟ್ಟರೆ ಯಾರಿಗೆ ಬೇಕಾದರೂ. ಫೋನ್ ಮಾಡಿ ಕೇಳಿದರೆ "ಅದು ಬೇರೆ ಕೋಟಾ ಮೇಡಂ" ಅಂದರು. ಇರಬಹುದು. ಆದರೆ ವರ್ಷ ವರ್ಷ ದುಡ್ಡು ಕಟ್ಟುವ ಮೆಂಬರಿಗೆ ಇಲ್ಲದ್ದು ದಾರಿಹೋಕರಿಗೆ ಇದೆ ಅಂದರೆ ಹೊಟ್ಟೆ ಉರಿಯಲ್ವಾ? ಸೇರಬೇಕು ಅಂದುಕೊಂಡವರು ಯಾವ ಬ್ರೋಷರನ್ನೂ ಓದುವುದು ಬೇಡ. ಈಗಾಗಲೇ ಮೆಂಬರ್ ಆಗಿರುವ ಯಾರದ್ದಾದರೂ ಲಾಗಿನ್‌ನಲ್ಲಿ ಕೂತು ನಿಮಗೆ ಬೇಕಾದ ವಾರವನ್ನು ಹುಡುಕಿ ನೋಡಿ. ಸೇಲ್ಸ್‌ನವರು ತೋರಿಸುವ ಪರದೆ ಬೇಡ, ಮೆಂಬರ್ ಪರದೆಯೇ ಆಗಬೇಕು.

ಎರಡನೆಯದು ವಾರ್ಷಿಕ ಶುಲ್ಕ. ನಿರ್ವಹಣೆ ಖರ್ಚು ಅಂತ ವರ್ಷಾ ವರ್ಷ ವಸೂಲು ಮಾಡುತ್ತಾರೆ. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಕಟ್ಟದಿದ್ದರೆ ಬುಕಿಂಗ್ ತೆರೆಯುವುದೇ ಇಲ್ಲ, ಮೇಲೆ ಬಡ್ಡಿ. ಭಾವನವರ ಹಳೆಯ ರಸೀದಿಗಳನ್ನು ಸಾಲಾಗಿ ಜೋಡಿಸಿ ನೋಡಿದೆ. ಒಂದು ವರ್ಷವೂ ಇಳಿದಿಲ್ಲ. ಸರಾಸರಿ 6 ಪರ್ಸೆಂಟ್ ಏರುತ್ತಾ ಬಂದಿದೆ. 6 ಪರ್ಸೆಂಟ್ ಅಂದರೆ ಕೇಳಲು ಏನೂ ಅಲ್ಲ. ಆದರೆ ಆ ಲೆಕ್ಕದಲ್ಲಿ 12 ವರ್ಷಕ್ಕೆ ಶುಲ್ಕ ದುಪ್ಪಟ್ಟಾಗುತ್ತದೆ. ಅಂದರೆ ನಾವು ಬಿಟ್ಟಿಯಾಗಿ ತಗೊಂಡು ಅವಧಿ ಮುಗಿಸುವ ಹೊತ್ತಿಗೆ ಈಗಿನ ಎರಡರಷ್ಟು ಕಟ್ಟುತ್ತಿರುತ್ತೇವೆ. ಏರಿಕೆಗೆ ಮಿತಿ ಇದೆಯಾ ಅಂತ ಕರಾರಿನಲ್ಲಿ ಹುಡುಕಿದೆ. "ಖರ್ಚಿಗೆ ತಕ್ಕಂತೆ" ಅಂತಷ್ಟೇ ಇದೆ. ಆ ಖರ್ಚು ಎಷ್ಟು ಅಂತ ಲೆಕ್ಕ ಹಾಕುವವರೂ ಅವರೇ.

ಹೋಟೆಲಿಗಿಂತ ಇದು ಅಗ್ಗವಾ ಅಂತ ನೋಡಲು ಎಲ್ಲರೂ ಶುಲ್ಕವನ್ನು ಏಳು ರಾತ್ರಿಗೆ ಭಾಗಿಸುತ್ತಾರೆ. ನಾನು ಹಾಗೆ ಮಾಡಲಿಲ್ಲ. ನಮ್ಮಿಬ್ಬರ ರಜೆ, ಮಕ್ಕಳ ಶಾಲೆ, ಅತ್ತೆಯ ಆರೋಗ್ಯ ಎಲ್ಲ ಕೂಡಿ ಬಂದರೆ ನಾಲ್ಕು ರಾತ್ರಿ ಸಿಕ್ಕರೆ ಹೆಚ್ಚು. ನಾಲ್ಕಕ್ಕೆ ಭಾಗಿಸಿದೆ. ಏಳಕ್ಕೆ ಭಾಗಿಸಿದಾಗ ಹೋಟೆಲ್ ಬಾಡಿಗೆಗಿಂತ ಚೂರು ಕಮ್ಮಿ ಕಾಣುತ್ತಿದ್ದದ್ದು ನಾಲ್ಕಕ್ಕೆ ಭಾಗಿಸಿದಾಗ ಮೇಲೆ ಹೋಯಿತು. ಹೋಲಿಸಿದ್ದು ವೈಟ್ ವಾರದ ಹೋಟೆಲ್ ಬಾಡಿಗೆಗೆ. ನಮಗೆ ಸಿಗುವುದು ವೈಟ್ ವಾರ ತಾನೇ, ರೆಡ್ ವಾರದ ಬಾಡಿಗೆ ಇಟ್ಟುಕೊಂಡು ಏನು ಪ್ರಯೋಜನ?

ಈ ಮಾತು ಯಾಕೆ ಹೇಳಿದೆ ಅಂದರೆ, ಕಂಪನಿಯವರು ಮಾಡೋದು ಅದನ್ನೇ. ಕೊನೆಯ ಸಲ ಹೋದಾಗ ರಿಸೆಪ್ಷನ್‌ನಲ್ಲಿ "ಮೆಂಬರ್ ಅಪ್‌ಡೇಟ್ ಇದೆ, ಅರ್ಧ ಗಂಟೆ ಅಷ್ಟೇ" ಅಂತ ಕೂರಿಸಿದರು. ಅಪ್‌ಡೇಟೂ ಇಲ್ಲ, ಗಿಪ್‌ಡೇಟೂ ಇಲ್ಲ. ವೈಟ್‌ನಿಂದ ರೆಡ್‌ಗೆ ಏರಿಸಿಕೊಳ್ಳಿ ಅನ್ನುವ ಮಾರಾಟ. ಅರ್ಧ ಗಂಟೆ ಅಂದದ್ದು ಊಟದ ಹೊತ್ತು ದಾಟಿತು. ಆ ಹುಡುಗ ಒಳ್ಳೆಯವನೇ, ನಗುನಗುತ್ತಾ ಮಾತಾಡಿದ. ಬಿಳಿ ಹಾಳೆಯ ಮೇಲೆ ಗೆರೆ ಎಳೆದು ಎರಡು ಸಾಲು ಮಾಡಿದ. ಎಡಕ್ಕೆ ಹೋಟೆಲ್, ಬಲಕ್ಕೆ ಮೆಂಬರ್‌ಶಿಪ್. ಹೋಟೆಲ್ ಸಾಲಿನಲ್ಲಿ ವರ್ಷದಲ್ಲೇ ಅತಿ ದುಬಾರಿ ದಿನದ ಬಾಡಿಗೆ ಬರೆದ. ಅದರ ಮೇಲೆ ವರ್ಷಕ್ಕೆ 8 ಪರ್ಸೆಂಟ್ ಏರಿಸುತ್ತಾ ಹೋದ. 25ನೇ ವರ್ಷಕ್ಕೆ ಬಾಡಿಗೆ ಈಗಿನ ಆರು ಪಟ್ಟು ದಾಟಿತ್ತು. ಅಡಿಯಲ್ಲಿ ದೊಡ್ಡ ಮೊತ್ತ ಬರೆದು ಸುತ್ತ ಎರಡು ಸಲ ಗುಂಡಗೆ ಗೆರೆ ಹಾಕಿದ. ಬಲಗಡೆ ವಾರ್ಷಿಕ ಶುಲ್ಕವನ್ನು ಈ ವರ್ಷದ್ದೇ ತಗೊಂಡು ಸೀದಾ 25ರಿಂದ ಗುಣಿಸಿದ.

"ಅಪ್ಪಾ, ಅದಕ್ಕೂ 8 ಪರ್ಸೆಂಟ್ ಹಾಕು" ಅಂದೆ. "ಅದು ಅಷ್ಟು ಏರಲ್ಲ ಮೇಡಂ" ಅಂದ. "6 ಹಾಕು ಹಾಗಾದ್ರೆ. ಹೋಟೆಲ್ ಬಾಡಿಗೆ ವೈಟ್ ವಾರದ್ದು ಬರಿ. ಅಪ್‌ಗ್ರೇಡ್‌ಗೆ ಕೊಡೋ ದುಡ್ಡಿನ ಬಡ್ಡಿನೂ ಸೇರಿಸು" ಅಂದೆ. ಅವನು ಹಾಳೆಯನ್ನು ಮೆಲ್ಲಗೆ ಮಡಚಿ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಬಂದು, ಇವತ್ತು ಸಹಿ ಹಾಕಿದರೆ ಮಾತ್ರ ಈ ಬೆಲೆ, ಹೊರಗೆ ಹೋದರೆ ಇಲ್ಲ ಅಂದರು. ಆ ಹಾಳೆ ಕೊಡಿ, ಮನೆಯಲ್ಲಿ ನೋಡ್ತೀವಿ ಅಂದರೆ ಕೊಡಲಿಲ್ಲ.

ಇವತ್ತೇ ಅನ್ನುವ ಈ ಒತ್ತಾಯ ಎಲ್ಲ ದೇಶದಲ್ಲೂ ಇದ್ದದ್ದೇ. ಅದಕ್ಕೇ ಕಾನೂನುಗಳು ಬಂದಿವೆ. ಯುರೋಪಿಯನ್ ಒಕ್ಕೂಟದ 2008ರ ನಿಯಮದ ಪ್ರಕಾರ ಸಹಿ ಹಾಕಿದ ಮೇಲೂ 14 ದಿನದೊಳಗೆ ಕಾರಣ ಹೇಳದೆ ಬಿಡಬಹುದು. ಆ 14 ದಿನ ಮುಂಗಡ ಅಂತ ಬಿಡಿಗಾಸೂ ತಗೊಳ್ಳುವಂತಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ಈ ಅವಧಿ 10 ದಿನ. ನೀವು ಸಹಿ ಹಾಕುವ ಕಾಗದದಲ್ಲಿ ಎಷ್ಟು ದಿನ ಇದೆ, ಬಿಡುವುದಾದರೆ ಯಾರಿಗೆ, ಹೇಗೆ ಬರೆದು ಕೊಡಬೇಕು ಅಂತ ಮೊದಲು ಹುಡುಕಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರಲ್ಲ.

"ಪ್ರಪಂಚದಲ್ಲಿ ಎಲ್ಲಿ ಬೇಕಾದರೂ ಹೋಗಬಹುದು" ಅನ್ನುವುದನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ನಿಮ್ಮ ವಾರವನ್ನು ಒಂದು ವಿನಿಮಯ ಸಂಸ್ಥೆಗೆ ಕೊಟ್ಟು, ಅದರ ಬದಲಿಗೆ ಬೇರೆಯವರ ವಾರ ತಗೊಳ್ಳುವ ವ್ಯವಸ್ಥೆ ಇದು. ಆರ್‌ಸಿಐ 1974ರಿಂದ, ಇಂಟರ್‌ವಲ್ ಇಂಟರ್‌ನ್ಯಾಷನಲ್ 1976ರಿಂದ ಇದೇ ಕೆಲಸ ಮಾಡುತ್ತಿವೆ. ವ್ಯವಸ್ಥೆ ಸುಳ್ಳಲ್ಲ. ಆದರೆ ಆ ಸಂಸ್ಥೆಗೆ ಬೇರೆ ಸದಸ್ಯತ್ವ, ಪ್ರತಿ ವಿನಿಮಯಕ್ಕೆ ಬೇರೆ ಶುಲ್ಕ. ಕೊಟ್ಟದ್ದಕ್ಕೆ ತಕ್ಕದ್ದೇ ಸಿಗುವುದು. ವೈಟ್ ವಾರ ಕೊಟ್ಟು ಹಿಮ ಬೀಳುವ ಬೆಟ್ಟದಲ್ಲಿ ಕ್ರಿಸ್‌ಮಸ್ ವಾರ ಕೊಡಿ ಅಂದರೆ ನಗುತ್ತಾರೆ.

ಇನ್ನು ನಮ್ಮ ಹಾಗೆ ಇನ್ನೊಬ್ಬರಿಂದ ತಗೊಳ್ಳುವವರಿಗೆ ಒಂದು ಹೆಚ್ಚಿನ ಕೊಕ್ಕೆ. ಹೆಸರು ಬದಲಾದರೆ ಮೊದಲ ಮೆಂಬರಿಗಿದ್ದ ಸವಲತ್ತೆಲ್ಲ ಜೊತೆಗೆ ಬರುವುದಿಲ್ಲ. ಭಾವನವರ ಕಾಗದದಲ್ಲಿ ವಿನಿಮಯವೂ ಇಲ್ಲ, ಹೊಸ ರೆಸಾರ್ಟುಗಳೂ ಇಲ್ಲ ಅಂತ ಸಣ್ಣ ಅಕ್ಷರದಲ್ಲಿದೆ. ಹೆಸರಾಂತ ಡಿಸ್ನಿ ವೆಕೇಷನ್ ಕ್ಲಬ್‌ನಲ್ಲೂ 2019ರ ಜನವರಿಯಿಂದ ಈಚೆಗೆ ಸೆಕೆಂಡ್‌ಹ್ಯಾಂಡ್ ಕೊಂಡವರಿಗೆ ಹೊಸ ರೆಸಾರ್ಟುಗಳ ಬಾಗಿಲು ಮುಚ್ಚಿದೆ.

ಬೇಡವಾದರೆ ಮಾರಿದರಾಯಿತು ಅಂತ ನಮ್ಮನೆಯವರ ವಾದ. ಮಾರಲು ಆಗಿದ್ದರೆ ಭಾವನವರು ನಮಗ್ಯಾಕೆ ಬಿಟ್ಟಿ ಕೊಡುತ್ತಿದ್ದರು? ಅವರು ಜಾಹೀರಾತು ಹಾಕಿ ನೋಡಿದ್ದರು. ಕೊಳ್ಳುವವರು ಬರಲಿಲ್ಲ, ಮೋಸಗಾರರು ಬಂದರು. ಒಬ್ಬ ಫೋನ್ ಮಾಡಿ, ಒಳ್ಳೆ ಬೆಲೆಗೆ ಗಿರಾಕಿ ರೆಡಿ ಇದ್ದಾರೆ, ನೀವು ತೆರಿಗೆ ಮೊದಲು ಕಟ್ಟಿಬಿಡಿ ಅಂದನಂತೆ. "ಅದನ್ನ ಬೆಲೆಯಲ್ಲೇ ಹಿಡ್ಕೊಂಡು ಉಳಿದದ್ದು ಕೊಡಪ್ಪಾ" ಅಂದರಂತೆ ಭಾವ. ಲೈನ್ ಕಟ್. ಅಮೆರಿಕದಲ್ಲಂತೂ ಈ ಮುಂಗಡ ದುಡ್ಡಿನ ಮೋಸದ ಬಗ್ಗೆ ಸರ್ಕಾರದ ವ್ಯಾಪಾರ ಆಯೋಗವೇ ಎಚ್ಚರಿಸುತ್ತದೆ.

ಹಾಗಂತ ಇದು ಯಾರಿಗೂ ಬೇಡದ ವಸ್ತು ಅಂತ ನಾನು ಹೇಳಲ್ಲ. ನಿವೃತ್ತರಾದ ದಂಪತಿ, ಮನೆಯಿಂದಲೇ ಕೆಲಸ ಮಾಡುವವರು, ಶಾಲೆಗೆ ಹೋಗುವ ಮಕ್ಕಳಿಲ್ಲದವರು, ಜನಜಂಗುಳಿ ಇಲ್ಲದ ವಾರಗಳೇ ಇಷ್ಟ ಅನ್ನುವವರು, ವರ್ಷಕ್ಕೆ ಏಳಕ್ಕೆ ಏಳು ರಾತ್ರಿ ಬಳಸುವವರು. ಇಂಥವರಿಗೆ ಯಾರಾದರೂ ಬಿಟ್ಟಿಯಾಗಿಯೋ ಚಿಲ್ಲರೆ ಬೆಲೆಗೋ ಕೊಟ್ಟರೆ ಖುಷಿಯಿಂದ ತಗೊಳ್ಳಬಹುದು. ಹೊಸದಾಗಿ, ಪೂರ್ತಿ ಬೆಲೆಗೆ, ಅದೂ ಕಂತಿನಲ್ಲಿ ಬಡ್ಡಿ ಕಟ್ಟಿ? ಅದು ಅವರಿಗೂ ಬೇಡ. ಮಕ್ಕಳ ಶಾಲೆಯ ಕ್ಯಾಲೆಂಡರ್ ನೋಡಿ ಬದುಕುವ ಮನೆಗೆ ರೆಡ್ ಸೀಸನ್ನೇ ಬೇಕು. ಅದರ ಬೆಲೆಗೆ ಬರುವ ಬಡ್ಡಿ ಮತ್ತು ವಾರ್ಷಿಕ ಶುಲ್ಕ ಎರಡನ್ನೂ ಕೂಡಿಸಿದರೆ ಅದೇ ರಜೆಯಲ್ಲಿ ಇಷ್ಟವಾದ ಜಾಗಕ್ಕೆ, ಇಷ್ಟವಾದಷ್ಟು ದಿನ ಹೋಗಿ ಬರಬಹುದು. ನಮ್ಮ ಲೆಕ್ಕದಲ್ಲಂತೂ ಹಾಗೇ ಬಂತು.

ಭಾವನವರಿಗೆ ಬೇಡ ಅಂತ ಹೇಳುವುದು ಲೆಕ್ಕಕ್ಕಿಂತ ಕಷ್ಟದ ಕೆಲಸ. ಪ್ರೀತಿಯಿಂದ ಕೊಟ್ಟದ್ದು ಬೇಡ ಅಂದರೆ ಬೇಜಾರಾಗಲ್ವಾ? ರಸೀದಿಗಳ ಪಟ್ಟಿಯನ್ನೇ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. "ಇಷ್ಟೊಂದು ಕಟ್ಟಿದೀನಾ?" ಅಂದರು. ಕೊನೆಗೆ ಆದ ಒಪ್ಪಂದ ಇದು: ಮೆಂಬರ್‌ಶಿಪ್ ಅವರ ಹೆಸರಿನಲ್ಲೇ ಇರುತ್ತದೆ. ನಮಗೆ ಹೊಂದುವ ವಾರ ಸಿಕ್ಕ ವರ್ಷ ಅವರ ಗೆಸ್ಟ್ ಆಗಿ ಹೋಗುತ್ತೇವೆ, ಆ ವರ್ಷದ ಶುಲ್ಕ ನಮ್ಮದು. ಸಿಗದ ವರ್ಷ ನಮಗೇನೂ ಹೊರೆಯಿಲ್ಲ. ಪರಿಚಯದ ಮೆಂಬರ್ ಯಾರಾದರೂ ಇದ್ದರೆ ನೀವೂ ಹೀಗೆ ಕೇಳಿ ನೋಡಬಹುದು. ಎಷ್ಟೋ ಜನ ಶುಲ್ಕವಾದರೂ ಹುಟ್ಟಲಿ ಅಂತ ಕಾಯುತ್ತಿರುತ್ತಾರೆ. ಗೆಸ್ಟ್ ಕಳಿಸಲು ಬೇರೆ ಚಾರ್ಜ್ ಇದೆಯಾ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ, ಇವರಲ್ಲಿ ಇದೆ.

ಕಂಪನಿಗೇ ವಾಪಸ್ ಕೊಡಲು ಆಗುತ್ತಾ ಅಂತ ಭಾವನವರ ಪರವಾಗಿ ಒಂದು ಪತ್ರ ಬರೆದಿದ್ದೇನೆ. ಸಾಲ, ಬಾಕಿ ಏನೂ ಇಲ್ಲದಿದ್ದರೆ ಕೆಲವು ಕಂಪನಿಗಳು ಹೀಗೆ ವಾಪಸ್ ತಗೊಳ್ಳುವುದುಂಟು. ಸದ್ಯಕ್ಕೆ ಬಂದಿರುವ ಉತ್ತರ ಒಂದೇ: ರೆಡ್ ಸೀಸನ್‌ಗೆ ಏರಿಸಿಕೊಳ್ಳುವವರಿಗೆ ಈ ತಿಂಗಳು ವಿಶೇಷ ರಿಯಾಯಿತಿ ಇದೆಯಂತೆ.