ಮನೆಯಲ್ಲೇ ಹೊಲಿದ ಹೊಲಿಗೆ ಪೌಚ್: ಬಹಳ ಕಾಲ ಬಳಸಿದ ಮೇಲೆ

ಸೂಜಿ, ಬಾಬಿನ್ (ಮಷಿನ್‌ನ ಕೆಳಗಿನ ದಾರ ಸುತ್ತಿಡುವ ಸಣ್ಣ ಉರುಳೆ), ಹುಕ್ಕು, ಪ್ರೆಸ್ ಬಟನ್ ಇಡಲು ಹೊಲಿದುಕೊಂಡ ಬಟ್ಟೆ ಪೌಚ್ ಇದು. ಬಿಚ್ಚಿದರೆ ಉದ್ದ ಪಟ್ಟಿ, ಸುತ್ತಿದರೆ ಕೈಯಲ್ಲಿ ಹಿಡಿಯುವಷ್ಟು. ಹೊರಗೆ ಕ್ಯಾನ್ವಾಸ್, ಒಳಗೆ ಕಾಟನ್, ನಡುವೆ ಬಿರುಸು ಬರಲೆಂದು ಇಸ್ತ್ರಿ ಹಾಕಿ ಅಂಟಿಸುವ ಬಕ್ರಂ. ಹೊಸದರಲ್ಲಿ ಯಾವ ಪೌಚ್ ಆದರೂ ಚೆನ್ನಾಗಿಯೇ ಕಾಣುತ್ತದೆ ಅಲ್ವಾ? ವರ್ಷಗಟ್ಟಲೆ ಬಳಸಿದ ಮೇಲೆ ಯಾವ ಭಾಗ ಉಳಿಯಿತು, ಯಾವುದು ಸುಮ್ನೆ ಜಾಗ ತಿಂದಿತು ಅಂತ ಹೇಳುತ್ತೇನೆ.

ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಒಳಗಿನದು ಕಾಣುವ ಪ್ಲಾಸ್ಟಿಕ್ ಜೇಬುಗಳು. ಬಟ್ಟೆ ಜೇಬಿನಲ್ಲಿ ಏನಿದೆ ಅಂತ ಪ್ರತಿ ಸಲ ಬೆರಳು ಹಾಕಿ ನೋಡಬೇಕು, ಗುಂಡುಸೂಜಿ ಇದ್ದರೆ ಚುಚ್ಚಿಸಿಕೊಳ್ಳಬೇಕು. ಆದರೆ ಪ್ಲಾಸ್ಟಿಕ್ ಹೊಲಿಯುವುದು ಸ್ವಲ್ಪ ಕಿರಿಕಿರಿ. ಮಷಿನ್‌ನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಕಾಲಿಗೆ ಅಂಟಿಕೊಂಡು ಮುಂದೆ ಹೋಗುವುದಿಲ್ಲ, ಮೇಲೆ ತೆಳು ಟಿಶ್ಯೂ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆದರೆ ಸಲೀಸು. ಒಂದೊಂದು ಹೊಲಿಗೆಯ ಉದ್ದ 3.5ರಿಂದ 4 ಮಿ.ಮೀ. ಇರಲಿ. 2 ಮಿ.ಮೀ. ಇಟ್ಟರೆ ತೂತುಗಳು ಒತ್ತೊತ್ತಾಗಿ ಬಿದ್ದು, ಸ್ವಲ್ಪ ಎಳೆದರೂ ಆ ಸಾಲಿನಲ್ಲೇ ಹರಿಯುತ್ತದೆ. ಗುಂಡುಸೂಜಿ ಚುಚ್ಚಿದ ತೂತು ಪ್ಲಾಸ್ಟಿಕ್‌ನಲ್ಲಿ ಮುಚ್ಚಿಕೊಳ್ಳುವುದೂ ಇಲ್ಲ, ಹಾಗಾಗಿ ಕ್ಲಿಪ್ ಹಾಕಿ. ಜೇಬಿನ ಬಾಯಿಗೆ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ ಬಟ್ಟೆ ಪಟ್ಟಿ) ಹೊಲಿದದ್ದು ಇವತ್ತಿಗೂ ಗಟ್ಟಿಯಾಗಿದೆ, ಹಾಗೇ ಬಿಟ್ಟದ್ದು ಮಡಿಕೆ ಬೀಳುವ ಕಡೆ ಬೆಳ್ಳಗಾಗಿ ಸೀಳು ಬಿಟ್ಟಿದೆ.

ಸೂಜಿ ಚುಚ್ಚಿಡುವ ಫೆಲ್ಟ್ (ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ) ಹಾಳೆ ನನಗೆ ಇಡೀ ಪೌಚ್‌ನಲ್ಲೇ ಇಷ್ಟ. ಉಣ್ಣೆ ಫೆಲ್ಟ್ ಸಿಕ್ಕರೆ ಅದನ್ನೇ ಹಾಕಿ, ಅಕ್ರಿಲಿಕ್ ಬೇಗ ಗುಳ್ಳೆ ಎದ್ದು ಸೂಜಿಯನ್ನು ಸಡಿಲ ಬಿಡುತ್ತದೆ. ಮಷಿನ್ ಸೂಜಿಯ ದಪ್ಪ ಹೇಳುವ ನಂಬರ್ ಭೂತಗನ್ನಡಿ ಹಿಡಿದರೂ ಕಾಣದಷ್ಟು ಸಣ್ಣ, ಅದಕ್ಕೆ 11, 14, 16 ಅಂತ ಫೆಲ್ಟ್ ಮೇಲೇ ದಾರದಲ್ಲಿ ಹೊಲಿದಿದ್ದೇನೆ. ಮಷಿನ್‌ನಲ್ಲಿ ಈಗ ಯಾವ ಸೂಜಿ ಇದೆಯೋ ಆ ನಂಬರ್ ಪಕ್ಕ ಒಂದು ಕೆಂಪು ತಲೆಯ ಗುಂಡುಸೂಜಿ. ಕ್ಯಾನ್ವಾಸ್ ಹೊಲಿದ 16ನೇ ನಂಬರ್ ದಪ್ಪ ಸೂಜಿ ಮಷಿನ್‌ನಲ್ಲೇ ಉಳಿದಿದ್ದರೆ, ತೆಳು ಬಟ್ಟೆಯ ಬ್ಲೌಸ್ ಹೊಲಿಯಲು ಕೂರುವ ಮೊದಲೇ ಗೊತ್ತಾಗುತ್ತದೆ.

ಬಾಬಿನ್ ಜೇಬಿನ ವಿಷಯದಲ್ಲಿ ಪ್ಯಾಟರ್ನ್‌ಗಳೆಲ್ಲ (ಕತ್ತರಿಸಿ ಹೊಲಿಯಲು ಕೊಡುವ ಅಳತೆ ನಕ್ಷೆಗಳು) ಜಿಪುಣ. ಸಾಮಾನ್ಯ ಬಾಬಿನ್ ಅಗಲ ಸುಮಾರು 20 ಮಿ.ಮೀ., ದಪ್ಪ 11 ಮಿ.ಮೀ. ಮೇಲೆ. ಚಪ್ಪಟೆ ಜೇಬಿಗೆ ತುರುಕಿದರೆ ಬಾಯಿ ಕಪ್ಪೆಯಂತೆ ತೆರೆದುಕೊಳ್ಳುತ್ತದೆ, ಸುತ್ತುವಾಗ ಒಂದೊಂದೇ ಉರುಳಿ ಮಂಚದ ಕೆಳಗೆ. ಜೇಬಿನ ಬುಡದಲ್ಲಿ ಎರಡೂ ಕಡೆ ನೆರಿಗೆ ಹಿಡಿದು, ಮೇಲೆ ಜಿಪ್ ಹಾಕಿದರೆ ಸರಿ. ಒಂದೊಂದು ಬಾಬಿನ್‌ಗೆ ಒಂದೊಂದು ಜೇಬು ಬೇಡವೇ ಬೇಡ, ನೋಡಲು ಚೆಂದ ಅಷ್ಟೇ. ಸಾಮಾನು ಬದಲಾಗುತ್ತಾ ಇರುತ್ತದೆ, ದೊಡ್ಡ ಜೇಬು ಏನನ್ನಾದರೂ ಹಿಡಿಸುತ್ತದೆ.

ದಾರದ ಉಂಡೆ ಸಿಕ್ಕಿಸಲು ಇದ್ದ ಎಲಾಸ್ಟಿಕ್ ಸಡಿಲವಾಗಿ ಜೋತುಬಿದ್ದಿದೆ, ದಂಡ. ವೆಲ್ಕ್ರೋ ಇನ್ನೂ ಕೆಟ್ಟದ್ದು, ಸಿಕ್ಕ ದಾರವನ್ನೆಲ್ಲ ಹಿಡಿದುಕೊಂಡು ಫೆಲ್ಟ್ ಕೂಡ ಕಿತ್ತು ಹಾಕುತ್ತದೆ. ಅದನ್ನು ಬಿಚ್ಚಿ ಎರಡು ಲಾಡಿ ಹೊಲಿದೆ, ಪೌಚ್ ಉಬ್ಬಿದರೂ ಕಟ್ಟಬಹುದು. ಮೂಲೆಯಲ್ಲಿ ಮ್ಯಾಗ್ನೆಟ್ ಇಡಿ ಅಂತ ಕೆಲವರು ಹೇಳುತ್ತಾರೆ. ಗುಂಡುಸೂಜಿಗಳಿಗೂ ಆ ಗುಣ ಹತ್ತಿ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ, ನನಗಂತೂ ಹಿಡಿಸಲಿಲ್ಲ.

ಒಗೆಯುವಾಗ ಕೈಯಲ್ಲೇ ಒಗೆಯಿರಿ, ಪ್ಲಾಸ್ಟಿಕ್ ಹತ್ತಿರ ಇಸ್ತ್ರಿ ಬೇಡ. ಸೀಮ್ ರಿಪ್ಪರ್‌ಗೆ (ಹೊಲಿಗೆ ಬಿಚ್ಚುವ ಚೂಪು ಸಾಧನ) ಮುಚ್ಚಳ ಹಾಕಿಯೇ ಒಳಗೆ ಇಡಿ. ದೊಡ್ಡ ಕತ್ತರಿ ಮಾತ್ರ ಹೊರಗೇ ಇರಲಿ, ಅದರ ಭಾರಕ್ಕೆ ಸುತ್ತು ಒಂದೇ ಕಡೆ ವಾಲುತ್ತದೆ.