ಬೀಟಲ್ಸ್ ಕೇಳೋಕೆ ಎಲ್ಲಿಂದ ಶುರು ಮಾಡೋದು: ‘1’, ಕೆಂಪು, ನೀಲಿ?

ಅರವತ್ತರ ದಶಕದ ಬ್ರಿಟಿಷ್ ಬ್ಯಾಂಡ್ ಬೀಟಲ್ಸ್ ಹಾಡು ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ಸಾಮಾನ್ಯವಾಗಿ ಮೂರು ಸಂಕಲನಗಳ ಹೆಸರು ಬರುತ್ತವೆ. 2000ರಲ್ಲಿ ಬಂದ ‘1’. 1973ರ ಕೆಂಪು ಆಲ್ಬಮ್, ಅಂದರೆ 1962ರಿಂದ 1966ರವರೆಗಿನ ಹಾಡುಗಳು. ಅದರ ಜೊತೆಯಲ್ಲೇ ಬಂದ ನೀಲಿ ಆಲ್ಬಮ್, 1967ರಿಂದ 1970ರವರೆಗಿನದು. ಸಾಲದ್ದಕ್ಕೆ 2023ರಲ್ಲಿ ಕೆಂಪು, ನೀಲಿ ಎರಡಕ್ಕೂ ಇನ್ನಷ್ಟು ಹಾಡು ಸೇರಿಸಿ, ಹೊಸದಾಗಿ ಮಿಕ್ಸ್ ಮಾಡಿ, ಅಂದರೆ ದನಿ, ವಾದ್ಯಗಳನ್ನು ಮತ್ತೆ ಹದವಾಗಿ ಹೊಂದಿಸಿ, ಬಿಟ್ಟಿದ್ದಾರೆ. ಇವನ್ನೆಲ್ಲ ಕಾರಿನಲ್ಲಿ, ಮನೆಯ ಸ್ಪೀಕರಿನಲ್ಲಿ, ಹೆಡ್‌ಫೋನಿನಲ್ಲಿ ಹಾಕಿ ನೋಡಿದ್ದೇನೆ. ಅದೇ ನಾಲ್ಕು ಜನ, ಎಷ್ಟೋ ಕಡೆ ಅದೇ ಹಾಡು. ಆದರೂ ಒಂದೊಂದರಲ್ಲಿ ಕಾಣುವ ಬೀಟಲ್ಸ್ ಒಂದೊಂದು ಥರ.

ಮೊದಲು ‘1’. ಇದರ ನಿಯಮ ತುಂಬಾ ಸರಳ. ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಚಾರ್ಟಿನಲ್ಲಿ (ವಾರವಾರದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ) ಮೊದಲನೇ ಸ್ಥಾನಕ್ಕೆ ಹೋಗಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹಾಗೆ 27 ಹಾಡು, ಒಂದೇ ಸಿಡಿಯಲ್ಲಿ ಹೆಚ್ಚುಕಡಿಮೆ 79 ನಿಮಿಷ. ಕಾರಿಗೆ ಇದನ್ನು ಮೀರಿಸಿದ್ದು ಇಲ್ಲ. ಬಹುಪಾಲು ಹಾಡು ಎರಡು-ಮೂರು ನಿಮಿಷದವು. ಸಿಗ್ನಲ್ ಬಿಡೋದರೊಳಗೆ ಒಂದು ಮುಗಿದು ಇನ್ನೊಂದು ಶುರುವಾಗಿರುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರೂ ಹಿರಿಯರಿದ್ದರೂ ‘ಬೇರೆ ಹಾಕು’ ಅನ್ನೋದಿಲ್ಲ. ‘ಎಲ್ಲೋ ಸಬ್‌ಮರೀನ್’ ಬಂದರೆ ಮಕ್ಕಳದ್ದೇ ರಾಜ್ಯ.

ಆದರೆ ಆ ನಿಯಮದಿಂದಲೇ ‘1’ ಎಡವುವುದು. ಆ ಕಾಲದಲ್ಲಿ ಬೀಟಲ್ಸ್ ಸಿಂಗಲ್ಸ್ (ಬದಿಗೊಂದು ಹಾಡಿನ ಚಿಕ್ಕ ಪ್ಲೇಟು) ಬೇರೆ, ಆಲ್ಬಮ್ ಬೇರೆ ಅಂತ ಮಾಡುತ್ತಿದ್ದರು. ಬ್ರಿಟನ್ನಿನಲ್ಲಿ ಸಿಂಗಲ್ ಆಗಿ ಬಂದದ್ದನ್ನು ಎಷ್ಟೋ ಸಲ ಆಲ್ಬಮ್ಮಿಗೆ ಹಾಕುತ್ತಲೇ ಇರಲಿಲ್ಲ. ಚಾರ್ಟ್ ನೋಡಿ ಆರಿಸಿದರೆ ಏನಾಗುತ್ತದೆ? 1965ರ ‘ರಬ್ಬರ್ ಸೋಲ್’ನಿಂದ ಒಂದು ಹಾಡೂ ಇಲ್ಲ. 1967ರ ‘ಸಾರ್ಜೆಂಟ್ ಪೆಪ್ಪರ್’ನಿಂದ ಒಂದೂ ಇಲ್ಲ. 1968ರ ಬಿಳಿ ಕವರಿನ ಜೋಡಿ ಆಲ್ಬಮ್ಮಿನಿಂದಲೂ ಒಂದೂ ಇಲ್ಲ. ಜನ ಇವತ್ತಿಗೂ ಬೀಟಲ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುವುದೇ ಈ ಮೂರನ್ನು ಹಿಡಿದುಕೊಂಡು, ಅಲ್ವಾ? ‘ಹಿಯರ್ ಕಮ್ಸ್ ದ ಸನ್’ ಕೂಡ ಇಲ್ಲ. ಆಗ ಅದು ಸಿಂಗಲ್ ಆಗಿ ಬರಲೇ ಇಲ್ಲವಲ್ಲ! ಈಗ ಸ್ಪಾಟಿಫೈನಲ್ಲಿ ಬೀಟಲ್ಸ್ ಹಾಡುಗಳ ಪೈಕಿ ಜನ ಅತಿ ಹೆಚ್ಚು ಕೇಳಿರುವುದು ಅದನ್ನೇ.

ಇನ್ನೂ ತಮಾಷೆ ಅಂದರೆ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಕಥೆ. 1967ರಲ್ಲಿ ಅದು ‘ಪೆನ್ನಿ ಲೇನ್’ ಜೊತೆ ಒಂದೇ ಪ್ಲೇಟಿನ ಎರಡು ಬದಿಯಾಗಿ ಬಂತು. ಬ್ರಿಟನ್ನಿನಲ್ಲಿ ಎರಡನೇ ಸ್ಥಾನಕ್ಕೇ ನಿಂತಿತು. ಮೇಲಿದ್ದದ್ದು ಎಂಗೆಲ್ಬರ್ಟ್ ಹಂಪರ್ಡಿಂಕ್ ಹಾಡಿದ ‘ರಿಲೀಸ್ ಮಿ’. ಆ ಮನುಷ್ಯ ಹುಟ್ಟಿದ್ದು ನಮ್ಮ ಪಕ್ಕದ ಮದ್ರಾಸಿನಲ್ಲಿ! ಅಮೆರಿಕದಲ್ಲಿ ‘ಪೆನ್ನಿ ಲೇನ್’ ಮಾತ್ರ ಮೊದಲನೇ ಸ್ಥಾನ ಮುಟ್ಟಿತು. ಹಾಗಾಗಿ ‘1’ರಲ್ಲಿ ಪ್ಲೇಟಿನ ಒಂದು ಬದಿ ಇದೆ, ಇನ್ನೊಂದು ಇಲ್ಲ. ಹೊಸಬರಿಗೆ ಬೀಟಲ್ಸ್ ಪರಿಚಯ ಮಾಡಿಸಿ ಈ ಹಾಡನ್ನೇ ಬಿಡುವುದು ನನ್ನ ಲೆಕ್ಕದಲ್ಲಿ ದೊಡ್ಡ ಕೊರತೆ.

1973ರ ಜೋಡಿ ಹುಟ್ಟಿದ ರೀತಿಯೇ ಬೇರೆ. ಅಮೆರಿಕದಲ್ಲಿ ‘ಆಲ್ಫಾ ಒಮೆಗಾ’ ಅನ್ನೋ ಕಳ್ಳ ಸಂಕಲನವನ್ನು ಟಿವಿಯಲ್ಲಿ ಜಾಹೀರಾತು ಕೊಟ್ಟೇ ಮಾರುತ್ತಿದ್ದರು. ಅದಕ್ಕೆ ಉತ್ತರವಾಗಿ ಅಧಿಕೃತವಾದದ್ದು ಬಂತು. ಕವರ್ ನೋಡಿ: ಲಂಡನ್ನಿನಲ್ಲಿದ್ದ ರೆಕಾರ್ಡ್ ಕಂಪನಿ ಇಎಂಐ ಕಚೇರಿಯ ಮೆಟ್ಟಿಲ ಕಟಕಟೆಗೆ ಒರಗಿ ನಾಲ್ವರೂ ಕೆಳಗೆ ನೋಡುತ್ತಿದ್ದಾರೆ. ಕೆಂಪಿನಲ್ಲಿ 1963ರ ಫೋಟೋ, ನೀಟಾಗಿ ಬಾಚಿದ ಹುಡುಗರು. ನೀಲಿಯಲ್ಲಿ ಅದೇ ಜಾಗ, ಅದೇ ಛಾಯಾಗ್ರಾಹಕ ಆಂಗಸ್ ಮೆಕ್‌ಬೀನ್, 1969. ಗಡ್ಡ, ಉದ್ದ ಕೂದಲು. ಆರು ವರ್ಷದಲ್ಲಿ ಇಷ್ಟು ಬದಲಾವಣೆಯೇ ಅನ್ನಿಸುತ್ತದೆ. ಹಾಡುಗಳಲ್ಲೂ ಅಷ್ಟೇ.

ಕೆಂಪಿನ 26 ಹಾಡುಗಳಲ್ಲಿ ಆರು ‘ರಬ್ಬರ್ ಸೋಲ್’ನವು. ಇದು ಒಳ್ಳೆಯ ಆಯ್ಕೆ. ‘ನಾರ್ವೀಜಿಯನ್ ವುಡ್’ನಲ್ಲಿ ಬ್ಯಾಂಡಿನ ಗಿಟಾರ್‌ವಾದಕ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದದ್ದು ಇಲ್ಲಿ ಸಿಗುತ್ತದೆ. ಆಗಿನ್ನೂ ಅವನು ರವಿಶಂಕರ್ ಹತ್ತಿರ ಕಲಿತಿರಲಿಲ್ಲ, ಮೀಟು ಕೇಳಿದರೇ ಗೊತ್ತಾಗುತ್ತದೆ. ಆದರೆ 1966ರ ‘ರಿವಾಲ್ವರ್’ನಿಂದ ಬರೀ ಎರಡು ಹಾಡು. ಜಾರ್ಜ್ ಬರೆದದ್ದಂತೂ ಒಂದೂ ಇಲ್ಲ. ಇನ್ನೊಂದು ವಿಷಯ. 1993ರಲ್ಲಿ ಸಿಡಿ ಬಂದಾಗ, ಒಂದು ಗಂಟೆ ಚಿಲ್ಲರೆ ನಿಮಿಷದ ಈ ಆಲ್ಬಮ್ಮನ್ನು ಎರಡು ಡಿಸ್ಕ್ ಮಾಡಿ ಮಾರಿದರು. ಒಂದರಲ್ಲೇ ಆರಾಮಾಗಿ ಹಿಡಿಸುತ್ತಿತ್ತು.

2023ರ ಕೆಂಪು ಈ ಕೊರತೆಗಳನ್ನೆಲ್ಲ ತುಂಬಿದೆ. 12 ಹಾಡು ಸೇರಿ 38 ಆಗಿದೆ. ‘ಟ್ಯಾಕ್ಸ್‌ಮನ್’ ಮತ್ತು ‘ಇಫ್ ಐ ನೀಡೆಡ್ ಸಮ್‌ಒನ್’ ಬಂದು ಜಾರ್ಜ್‌ಗೂ ಜಾಗ ಸಿಕ್ಕಿದೆ. ‘ಟುಮಾರೋ ನೆವರ್ ನೋಸ್’ ಕೂಡ ಇದೆ. ನಿಜವಾದ ವ್ಯತ್ಯಾಸ ತಿಳಿಯಬೇಕಾದರೆ ಮಾತ್ರ ಹೆಡ್‌ಫೋನ್ ಹಾಕಲೇಬೇಕು.

ಅರವತ್ತರ ದಶಕದ ಮೊದಲರ್ಧದಲ್ಲಿ ಜನರ ಮನೆಯಲ್ಲಿದ್ದದ್ದು ಮಾನೋ ಪ್ಲೇಯರ್, ಎಲ್ಲ ಶಬ್ದವೂ ಒಂದೇ ಕಡೆಯಿಂದ ಬರುವಂಥದ್ದು. ಸ್ಟುಡಿಯೋದವರು ತಲೆ ಕೆಡಿಸಿಕೊಳ್ಳುತ್ತಿದ್ದದ್ದು ಮಾನೋ ಮಿಕ್ಸಿಗೇ. ಶಬ್ದವನ್ನು ಎಡಕ್ಕೂ ಬಲಕ್ಕೂ ಹಂಚುವ ಸ್ಟೀರಿಯೋ ಅನ್ನೋದು ಆಮೇಲೆ ಗಡಿಬಿಡಿಯಲ್ಲಿ ಮುಗಿಸುವ ಕೆಲಸ. ಹಾಗಾಗಿ ಹಳೆಯ ಸ್ಟೀರಿಯೋದಲ್ಲಿ ಹಾಡುವವರು ಒಂದು ಕಡೆ, ವಾದ್ಯ ಇನ್ನೊಂದು ಕಡೆ. ‘ಎಲೆನರ್ ರಿಗ್ಬಿ’ ಹಾಕಿ ನೋಡಿ. ಮೊದಲ ಸಾಲು ನಡುವೆ ಕೇಳುತ್ತದೆ. ಚರಣ ಬಂದ ಕೂಡಲೇ ಪಾಲ್ ಮೆಕಾರ್ಟ್ನಿ ದನಿ ಬಲಗಿವಿಗೆ ಹಾರಿಬಿಡುತ್ತದೆ. ಎಡಗಡೆಯ ಇಯರ್‌ಬಡ್ ಮಾತ್ರ ಹಾಕಿಕೊಂಡು ಬಸ್ಸಿನಲ್ಲಿ ಕೂತವರಿಗೆ ಹಾಡುವವನೇ ಕಾಣೆ. ಹೊಸ ಮಿಕ್ಸಿನಲ್ಲಿ ದನಿ ನಟ್ಟನಡುವೆ ನಿಂತಿದೆ, ಎಂಟು ತಂತಿವಾದ್ಯಗಳು ಸುತ್ತ ಹರಡಿಕೊಂಡಿವೆ. ಪಿಟೀಲಿನ ಕಮಾನು ತಂತಿಯ ಮೇಲೆ ಕಚ್ಚುವುದು ಎರಡೂ ಕಿವಿಗೆ ಸಿಗುತ್ತದೆ. ಇದೊಂದಕ್ಕೇ ನಾನು 2023ರದ್ದಕ್ಕೆ ಓಟು ಹಾಕುತ್ತೇನೆ.

‘ಶಿ ಲವ್ಸ್ ಯೂ’ ವಿಷಯದಲ್ಲಿ ಹಾಗಲ್ಲ. ಅದರ ಮೂಲ ಟೇಪ್ ಉಳಿದಿಲ್ಲ, ಇರುವುದು ಮಾನೋ ಮಿಕ್ಸ್ ಒಂದೇ. 2015ರಲ್ಲಿ ‘1’ ಅನ್ನು ಹೊಸದಾಗಿ ಮಿಕ್ಸ್ ಮಾಡಿದಾಗಲೂ ಇದನ್ನು ಮಾನೋದಲ್ಲೇ ಬಿಟ್ಟಿದ್ದರು. ಕಲಸಿಹೋದ ಶಬ್ದದಿಂದ ದನಿ, ಗಿಟಾರ್, ಡ್ರಮ್ ಬೇರೆ ಮಾಡುವ ಸಾಫ್ಟ್‌ವೇರನ್ನು ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡದವರು ಮಾಡಿದ ಮೇಲೆ 2023ರಲ್ಲಿ ಅದು ಸ್ಟೀರಿಯೋ ಆಯಿತು. ಈಗ ಡ್ರಮ್ಮರ್ ರಿಂಗೋನ ಒಂದೊಂದು ಏಟೂ ಬಿಡಿಬಿಡಿಯಾಗಿ ಕೇಳುತ್ತದೆ. ಆದರೂ ನನಗೆ ಮಾನೋ ಇಷ್ಟ. ಎಲ್ಲವೂ ಒಂದೇ ಗುದ್ದಾಗಿ ಎದೆಗೆ ಬಂದು ಬೀಳುವ ಜೋರು ಈ ಹೊಸದರಲ್ಲಿ ಕಮ್ಮಿ.

ಇನ್ನು ನೀಲಿ. ಇಲ್ಲಿ ನನ್ನ ಓಟು ಉಲ್ಟಾ. 1973ರ 28 ಹಾಡುಗಳ ಜೋಡಣೆಗೆ ಕೈ ಹಾಕಬಾರದಿತ್ತು. ಮೊದಲ ಬದಿ ನೋಡಿ. ‘1’ರಲ್ಲಿ ಜಾಗ ಸಿಗದ ‘ಸ್ಟ್ರಾಬೆರಿ ಫೀಲ್ಡ್ಸ್’ನಿಂದಲೇ ಶುರು. ಆಮೇಲೆ ‘ಪೆನ್ನಿ ಲೇನ್’, ಆಮೇಲೆ ‘ಪೆಪ್ಪರ್’ನ ನಾಲ್ಕು, ಕೊನೆಗೆ ‘ಆಲ್ ಯೂ ನೀಡ್ ಈಸ್ ಲವ್’. ಏಳೇ ಹಾಡಿನಲ್ಲಿ 1967 ಅನ್ನೋ ವರ್ಷ ಕಣ್ಣಮುಂದೆ ಬಂದುಬಿಡುತ್ತದೆ. ಮಧ್ಯೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ.

2023ರಲ್ಲಿ ಒಂಬತ್ತು ಹಾಡು ಸೇರಿಸಿ 37 ಮಾಡಿದ್ದಾರೆ. ‘ವಿದಿನ್ ಯೂ ವಿದೌಟ್ ಯೂ’ ತಬಲಾ, ದಿಲ್‌ರುಬಾ ಎಲ್ಲ ಇರುವ ಜಾರ್ಜ್ ಹಾಡು, ನನಗೆ ಪ್ರೀತಿಯದೇ. ಆದರೆ ‘ಲೂಸಿ ಇನ್ ದ ಸ್ಕೈ ವಿತ್ ಡೈಮಂಡ್ಸ್’ ಮುಗಿದು ‘ಎ ಡೇ ಇನ್ ದ ಲೈಫ್’ ಬರಬೇಕಾದ ಜಾಗದಲ್ಲಿ ಅದು ಬಂದು ಕೂರುತ್ತದೆ, ಐದು ನಿಮಿಷ. ಕೊನೆಯ ಹೊತ್ತಿಗೆ ‘ಐ ವಾಂಟ್ ಯೂ’ ಹೆಚ್ಚುಕಡಿಮೆ ಎಂಟು ನಿಮಿಷ. ಹಿಟ್ ಸಂಕಲನ ಕೇಳಲು ಕೂತ ಹೊಸಬರು ಅಲ್ಲಿಗೆ ಫೋನ್ ಕೈಗೆತ್ತಿಕೊಳ್ಳುತ್ತಾರೆ. ‘ಬ್ಲ್ಯಾಕ್‌ಬರ್ಡ್’ ಮತ್ತು ರಿಷಿಕೇಶದಲ್ಲಿ ಹುಟ್ಟಿದ ‘ಡಿಯರ್ ಪ್ರುಡೆನ್ಸ್’ ಸೇರಿದ್ದು ಸಂತೋಷ. ಅವೆರಡು ಸಾಕಿತ್ತು.

ಆ ಒಂಬತ್ತರಲ್ಲೇ ಒಂದಾದ ‘ನೌ ಅಂಡ್ ದೆನ್’ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಜಾನ್ ಲೆನನ್ ಕ್ಯಾಸೆಟ್ಟಿನಲ್ಲಿ ಬಿಟ್ಟುಹೋಗಿದ್ದ ದನಿ ಸ್ವಚ್ಛವಾಗಿ ಬಂದಿದೆ, ಅದು ನಿಜಕ್ಕೂ ಅಚ್ಚರಿ. ಹಾಡು ಮಾತ್ರ ಸುಮಾರು.

ಆದ್ದರಿಂದ ಕಾರಿಗೆ ‘1’ ಇರಲಿ. ಹೆಡ್‌ಫೋನಿಗೆ 2023ರ ಕೆಂಪು. ಕೂತು ಕೇಳುವವರಿಗೆ, ಒಂದೇ ಆರಿಸಿ ಅಂದರೆ ಎಲ್ಲಕ್ಕಿಂತ ಮೊದಲು, 1973ರ ನೀಲಿ. ಆ್ಯಪಿನಲ್ಲಿ 2023ರದ್ದೇ ಎದುರಿಗೆ ಬಂದರೆ ಆ ಒಂಬತ್ತನ್ನು ತೆಗೆದು ಪ್ಲೇಲಿಸ್ಟ್ ಮಾಡಿಕೊಳ್ಳಿ. ವಿನೈಲ್ ಕೊಳ್ಳುವವರಿಗೆ ಆ ತಾಪತ್ರಯವೂ ಇಲ್ಲ. ಅದರಲ್ಲಿ ಹೊಸದಾಗಿ ಸೇರಿಸಿದ್ದನ್ನೆಲ್ಲ ಮೂರನೇ ಪ್ಲೇಟಿಗೆ ಹಾಕಿದ್ದಾರೆ, ಮೊದಲೆರಡರಲ್ಲಿ ಹಳೆಯ ಕ್ರಮ ಹಾಗೇ ಇದೆ.